ಅಟ್ಟದ ಮೇಲಿನ ಹನ್ನೊಂದು ಕಾಯಿ

ಸಾಹಿತ್ಯದಲ್ಲಿ ಯಾವ ವಸ್ತುವೂ ಬರೀ ವಸ್ತುವಲ್ಲ ಎಂದು ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತನಾದವನು ನಾನು. ಕಾದಂಬರಿಯಲ್ಲಿ ಬಾಗಿಲು ಬಂದರೆ ಅದು ಬಾಗಿಲಲ್ಲ, ಕಾಗೆ ಬಂದರೆ ಅದು ಕಾಗೆಯಲ್ಲ. ಹುಲಿಯೂರುದುರ್ಗದಲ್ಲಿ ಕನ್ನಡ ಮೇಷ್ಟ್ರಾಗಿ ಸೇರಿದ ಮೊದಲ ವರ್ಷವೇ ಮಕ್ಕಳು ನನಗೆ ‘ಸಂಕೇತ ಮೇಷ್ಟ್ರು’ ಎಂದು ಹೆಸರಿಟ್ಟರು. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ವಿಚಾರಿಸಲು ಹೋಗಲಿಲ್ಲ. ಪೂರ್ತಿ ಗೌರವವೆಂದೇ ಇಟ್ಟುಕೊಂಡೆ.

ಆ ಹೆಸರು ಬಂದದ್ದು ಒಂದು ತೆಂಗಿನಕಾಯಿಯಿಂದ. ನಮಗೆ ಪಠ್ಯವಾಗಿದ್ದ ಹಳೆಯ ಕಾದಂಬರಿಯೊಂದರಲ್ಲಿ, ಹಳ್ಳಿಯ ಅಣ್ಣ ಪೇಟೆಗೆ ಮದುವೆಯಾಗಿ ಹೋದ ತಂಗಿಗೆ ಹಬ್ಬಕ್ಕೆಂದು ಅಟ್ಟದಿಂದ ಒಂದು ಕಾಯಿ ಇಳಿಸಿ ಕಳಿಸುತ್ತಾನೆ. ಕಾದಂಬರಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಲೇಖಕರ ಅಭಿಮಾನಿಗಳು ತುಮಕೂರಿನ ಮರಳೂರಿನಲ್ಲಿರುವ ನನ್ನ ಮನೆ ಹುಡುಕಿಕೊಂಡು ಬಂದಾರು. ಕಾಯಿಗೆ ಜುಟ್ಟಿಲ್ಲ. ಅಲ್ಲಾಡಿಸಿದರೆ ನೀರಿನ ಸದ್ದಿಲ್ಲ. ಪೇಟೆಯ ಅತ್ತೆ ಅದನ್ನು ಸೊಸೆಯ ಕೈಗೆ ಕೊಡುವುದೇ ಇಲ್ಲ. ಒಣಕಾಯಿ ಕಳಿಸಿ ಅವಮಾನ ಮಾಡಿದ ಎಂದು ಬಾವಿಗೆ ಎಸೆಯುತ್ತಾಳೆ. ತಂಗಿ ಸಾಯುವ ತನಕ ತವರಿನ ಹೊಸಿಲು ತುಳಿಯುವುದಿಲ್ಲ.

ಈ ಕಾಯಿಯ ಮೇಲೆ ನಾನು ಮೂರು ಪೀರಿಯಡ್ ಪಾಠ ಮಾಡುತ್ತಿದ್ದೆ. ಚಿಪ್ಪು ಎಂದರೆ ಸಮಾಜ. ಮೂರು ಕಣ್ಣು ಎಂದರೆ ಭೂತ, ವರ್ತಮಾನ, ಭವಿಷ್ಯ. ಬತ್ತಿದ ನೀರು ಎಂದರೆ ಅಣ್ಣನ ಬತ್ತಿದ ಪ್ರೀತಿ. ಅಟ್ಟ ಎಂದರೆ ಅವನ ಅಹಂಕಾರ, ಏಕೆಂದರೆ ಅದು ಎತ್ತರದಲ್ಲಿದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ನಮ್ಮನೆ ಅಟ್ಟದಲ್ಲೂ ಅಂಥ ಕಾಯಿ…” ಎಂದು ಏನೋ ಶುರುಮಾಡಿದಳು. “ನಿಮ್ಮನೆ ಅಟ್ಟ ಪರೀಕ್ಷೆಗೆ ಬರಲ್ಲಮ್ಮ, ಕೂತ್ಕೊ” ಎಂದೆ. ಕ್ಲಾಸು ನಕ್ಕಿತು, ಅವಳು ಕೂತಳು. ಮುಂದೆ ಈ ವಿವರಣೆಯನ್ನೆಲ್ಲ ಒಂದು ಪ್ರಶ್ನೋತ್ತರದ ಗೈಡ್ ಆಗಿ ಅಚ್ಚು ಹಾಕಿಸಿದೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಪಾಸಾದರು.

ಇಷ್ಟು ಯೋಗ್ಯತೆ ಇದ್ದ ಮನುಷ್ಯನ ಮನೆಗೆ ಹೋದ ಗೌರಿ ಹಬ್ಬದ ಹಿಂದಿನ ದಿನ ಒಂದು ಗೋಣಿಚೀಲ ಬಂತು.

ನನ್ನ ಹೆಂಡತಿ ಸರೋಜಳ ತವರು ಗುಬ್ಬಿ ತಾಲ್ಲೂಕಿನ ನಿಟ್ಟೂರು. ಅಲ್ಲಿ ಅವಳ ಅಣ್ಣ ನಂಜಣ್ಣ ತೆಂಗಿನ ತೋಟ ನೋಡಿಕೊಂಡಿದ್ದಾರೆ. ತಂದೆ ತಾಯಿ ಹೋದ ಮೇಲೆ ಅವಳಿಗೆ ತವರು ಎಂದರೆ ಅಣ್ಣ, ಅಣ್ಣ ಎಂದರೆ ಗೌರಿ ಹಬ್ಬ. ಪ್ರತಿವರ್ಷ ಹಬ್ಬದ ಹಿಂದಿನ ದಿನ ಭಾವ ತಾವೇ ಬರುತ್ತಾರೆ. ಸೀರೆ, ಬಳೆ, ಅರಿಶಿನ ಕುಂಕುಮ, ಜೊತೆಗೆ ಬಟ್ಟೆಚೀಲದ ತುಂಬ ಕಂದುಬಣ್ಣದ ಉಂಡೆ ಕೊಬ್ಬರಿ. ಅದನ್ನು ತುರಿದು ಹೂರಣ ಮಾಡಿದರೇನೇ ನಮ್ಮ ಮನೆಯಲ್ಲಿ ಕರಿಗಡುಬು. ಅಣ್ಣ ಹೊರಟ ಮೇಲೆ ಸರೋಜ ಒಂದು ವಾರ ತುಂಬ ಚೆನ್ನಾಗಿರುತ್ತಾಳೆ. ನನ್ನ ಮಾತನ್ನೂ ಕೇಳಿಸಿಕೊಳ್ಳುತ್ತಾಳೆ.

ಆ ದಿನ ಸರೋಜ ಹೂವು, ಬಾಳೆಕಂದು ತರಲು ಪೇಟೆಗೆ ಹೋಗಿದ್ದಳು. ಗೇಟಿನ ಮುಂದೆ ಬೈಕು ನಿಲ್ಲಿಸಿದವನು ರಂಗಸ್ವಾಮಿ. ಭಾವನ ಪಕ್ಕದ ತೋಟದವನು, ತುಮಕೂರಿನ ಕಾರ್ಖಾನೆಗೆ ದಿನಾ ನಿಟ್ಟೂರಿನಿಂದಲೇ ಓಡಾಡುತ್ತಾನೆ.

“ಸಾ, ನಂಜಣ್ಣಾರು ಕೊಟ್ಟವ್ರೆ. ಸರೋಜಕ್ಕಂಗೆ ಕೊಡ್ಬೇಕಂತೆ.”

“ಯಾಕೆ, ಭಾವ ಬರಲ್ವಾ?”

“ಈ ಸಲ ಆಗಲ್ಲ ಅಂದ್ರು ಸಾ.” ರಂಗಸ್ವಾಮಿ ಕತ್ತು ಕೆರೆದುಕೊಂಡ. ಇನ್ನೇನೋ ಹೇಳುವುದಿತ್ತು, ಹೇಳಲಿಲ್ಲ.

“ಏನಾದ್ರೂ ಹೇಳಿ ಕಳಿಸಿದ್ರಾ?”

“ಇಲ್ಲ ಸಾ. ನೋಡಿದ್ರೆ ಅವ್ಳಿಗೇ ಗೊತ್ತಾಯ್ತದೆ ಬುಡು ಅಂದ್ರು.”

ಬೈಕು ಹೋಯಿತು. ಚೀಲ ಬಿಚ್ಚಿದೆ. ಒಳಗೆ ಹನ್ನೊಂದು ತೆಂಗಿನಕಾಯಿ. ಒಂದಕ್ಕೂ ಜುಟ್ಟಿಲ್ಲ. ಒಂದನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿದೆ. ನೀರಿನ ಸದ್ದಿಲ್ಲ. ಒಳಗೆ ಒಣಗಿದ್ದೇನೋ ಲೊಡಲೊಡ ಎಂದಿತು. ಎರಡನೆಯದೂ ಹಾಗೆಯೇ, ಹನ್ನೊಂದನೆಯದೂ ಹಾಗೆಯೇ. ಸೀರೆ ಇಲ್ಲ, ಕುಂಕುಮವಿಲ್ಲ, ಪ್ರತಿವರ್ಷದ ಕೊಬ್ಬರಿಯೂ ಇಲ್ಲ. ಕಾದಂಬರಿಯ ಅಣ್ಣ ಒಂದು ಕಾಯಿ ಕಳಿಸಿದ್ದ. ನನ್ನ ಭಾವನ ಕೋಪ ಅದರ ಹನ್ನೊಂದು ಪಟ್ಟು ಎಂದು ಲೆಕ್ಕ ಸಿಕ್ಕಿತು.

ಕೋಪಕ್ಕೆ ಕಾರಣವೂ ನನಗೆ ತಿಳಿದಿತ್ತು. ಬೇಸಿಗೆಯಲ್ಲಿ ಭಾವನ ಮೊಮ್ಮಗನ ನಾಮಕರಣವಾಗಿತ್ತು. ಎರಡು ಮಾತಾಡಿ ಮೇಷ್ಟ್ರೇ ಎಂದು ಯಾರೋ ಮೈಕು ಕೊಟ್ಟರು. ಹೆಸರೆಂಬುದೊಂದು ರೂಪಕ ಎಂದು ಆರಂಭಿಸಿದೆ. ನಲವತ್ತು ನಿಮಿಷವಾದರೂ ರೂಪಕ ಮುಗಿದಿರಲಿಲ್ಲ. ಮಗು ಅತ್ತು ಅತ್ತು ನಿದ್ದೆಹೋಗಿತ್ತು, ಎಲೆಯ ಮೇಲಿನ ಅನ್ನ ಆರಿತ್ತು. ಕೊನೆಗೆ ಭಾವನೇ ಬಂದು ಮೈಕು ತೆಗೆದುಕೊಂಡು, “ಊಟಕ್ಕೆ ಏಳಿ” ಎಂದರು. ಆ ಅಸಮಾಧಾನ ಹೊಟ್ಟೆಯಲ್ಲಿ ಕುದಿದು ಕುದಿದು ಈಗ ಗೋಣಿಚೀಲದಲ್ಲಿ ಬಂದಿದೆ ಎಂದು ತೀರ್ಮಾನಿಸಿದೆ.

ಒಂದು ಫೋನ್ ಮಾಡಿ ಕೇಳಬಹುದಿತ್ತು. ಆದರೆ ಸಂಕೇತವನ್ನು ಅರ್ಥೈಸಬೇಕೇ ಹೊರತು, ಇದರ ಅರ್ಥವೇನು ಎಂದು ಕಳಿಸಿದವರನ್ನೇ ಕೇಳುವುದು ವಿಮರ್ಶಕನ ಘನತೆಗೆ ತಕ್ಕುದಲ್ಲ. ಮೇಲಾಗಿ, ಸರೋಜ ಇದನ್ನು ನೋಡಿದರೆ ಹಬ್ಬದ ದಿನವೇ ಎದೆಯೊಡೆದುಕೊಳ್ಳುತ್ತಾಳೆ. ಗಂಡನಾದವನ ಧರ್ಮ ಮುಚ್ಚಿಡುವುದು. ಸ್ಟೂಲು ಹಾಕಿಕೊಂಡು ಚೀಲವನ್ನು ನನ್ನ ಓದುವ ಕೋಣೆಯ ಅಟ್ಟಕ್ಕೆ ಏರಿಸಿ, ಹಳೆಯ ಗೈಡುಗಳ ಕಟ್ಟಿನ ಹಿಂದೆ ತಳ್ಳಿದೆ. ಸೊಂಟ ಹಿಡಿದುಕೊಂಡಿತು. ತ್ಯಾಗದಲ್ಲಿ ಇಷ್ಟು ನೋವು ಸಹಜವೆಂದುಕೊಂಡೆ.

ಸಂಜೆಯಾಯಿತು. ಕಣಕ ಕಲಸಿಟ್ಟು ಸರೋಜ ಗೇಟಿನ ಕಡೆ ನೋಡುತ್ತಿದ್ದಳು. “ಅಣ್ಣ ಕೊಬ್ಬರಿ ತಂದ ತಕ್ಷಣ ಹೂರಣಕ್ಕೆ ಇಡ್ತೀನಿ” ಎಂದು ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಲಿಲ್ಲ. ನಾನೇ ಅಂಗಡಿಗೆ ಹೋಗಿ ಅರ್ಧ ಕೆಜಿ ಕೊಬ್ಬರಿ ತಂದುಕೊಟ್ಟೆ.

ಹಬ್ಬದ ಕಡುಬು ಸಪ್ಪೆಯಾಗಿತ್ತು. ಸರೋಜ ಗೌರಿಯ ಮುಂದೆ ಅಣ್ಣನಿಗೆಂದು ಹಾಕಿದ ಮಣೆ ಹಾಗೆಯೇ ಇತ್ತು.

“ಫೋನ್ ಮಾಡಿ ನೋಡು” ಎಂದೆ. ಮಾಡಿದರೆ ಏನು ಗತಿ ಎಂಬ ಭಯವೂ ಇತ್ತು.

“ಮಾಡಲ್ಲ ಕಣ್ರೀ. ಫೋನ್ ಮಾಡಿದ್ರೆ ಬಾಗಿನ ಎಲ್ಲಿ ಅಂತ ಕೇಳ್ದಂಗಾಗುತ್ತೆ. ಅದು ಕೇಳಿ ಇಸ್ಕೊಳ್ಳೋದಲ್ಲ.” ಮಣೆಯನ್ನು ಎತ್ತಿ ಗೋಡೆಗೆ ಒರಗಿಸುತ್ತ, “ನಾನು ಅವನಿಗೆ ಮರ್ತೇ ಹೋದ್ನಾ” ಎಂದಳು. ನನ್ನನ್ನು ಕೇಳಿದಂತಿರಲಿಲ್ಲ.

ಅಂದು ನಾನು ಒಂದು ನಿರ್ಧಾರಕ್ಕೆ ಬಂದೆ. ಸಂಕೇತಕ್ಕೆ ಸಂಕೇತದಲ್ಲೇ ಉತ್ತರ ಕೊಡಬೇಕು. ಮಾರನೆಯ ವಾರ ಪಾತ್ರೆ ಅಂಗಡಿಗೆ ಹೋಗಿ ಅರ್ಧ ಗಂಟೆ ಆರಿಸಿ ಒಂದು ಹಿತ್ತಾಳೆಯ ದೀಪ ಕೊಂಡೆ. ಎಣ್ಣೆಯಿಲ್ಲ, ಬತ್ತಿಯಿಲ್ಲ. ಬರೀ ದೀಪ. ‘ನಿನ್ನ ತಂಗಿ ಈ ದೀಪ, ನಿನ್ನ ಪ್ರೀತಿಯೇ ಎಣ್ಣೆ, ಎಣ್ಣೆ ಬತ್ತಿಸಿದವನು ನೀನು’ ಎಂಬ ಅರ್ಥ ಅದರಲ್ಲಿ ಎಂಥ ದಡ್ಡನಿಗೂ ಕಾಣುವಂತಿತ್ತು. ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ರಂಗಸ್ವಾಮಿಯನ್ನು ಹಿಡಿದು ಕೊಟ್ಟೆ.

“ಏನಾದ್ರೂ ಹೇಳ್ಬೇಕಾ ಸಾ?”

“ಬೇಡ. ನೋಡಿದ್ರೆ ಅವರಿಗೇ ಗೊತ್ತಾಗುತ್ತೆ.”

ಎರಡು ದಿನ ಬಿಟ್ಟು ರಂಗಸ್ವಾಮಿ ದಾರಿಯಲ್ಲಿ ಸಿಕ್ಕಿದ. “ನಂಜಣ್ಣಾರು ದೀಪ ನೋಡಿ ಕಣ್ಣಾಗೆ ನೀರು ಹಾಕ್ಕೊಂಡ್ರು ಸಾ” ಎಂದ. ನಾನು ಮುಖ ಗಂಭೀರ ಮಾಡಿಕೊಂಡು ತಲೆಯಾಡಿಸಿದೆ. ಒಳಗೆ ಹಿಗ್ಗಿ ಹೀರೆಕಾಯಿಯಾಗಿದ್ದೆ. ಪಶ್ಚಾತ್ತಾಪ ಶುರುವಾಗಿದೆ, ಇನ್ನು ಒಂದೆರಡು ದಿನದಲ್ಲಿ ಮನುಷ್ಯ ಬಂದು ಬಾಗಿಲು ತಟ್ಟುತ್ತಾರೆ ಎಂದು ಕಾದೆ.

ಬಾಗಿಲು ತಟ್ಟಲಿಲ್ಲ. ಒಂದು ವಾರವಾಯಿತು, ಎರಡಾಯಿತು. ಸರೋಜ ಮಾತು ಕಡಿಮೆ ಮಾಡಿದಳು. ಗೋಡೆಯ ಮೇಲಿದ್ದ ತವರುಮನೆಯ ಫೋಟೋವನ್ನು ಒರೆಸಲೆಂದು ಇಳಿಸಿದವಳು ಮತ್ತೆ ತೂಗುಹಾಕದೆ ಬೀರುವಿನ ಒಳಗಿಟ್ಟಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಹತ್ತಿರ ಕೂತು, “ನೋಡು ಸರೋಜ, ತವರು ಎಂಬುದೊಂದು ರೂಪಕ…” ಎಂದು ಸಮಾಧಾನ ಆರಂಭಿಸಿದೆ.

“ನಂಗೆ ರೂಪಕ ಬೇಡ ಕಣ್ರೀ” ಎಂದಳು. “ಅಣ್ಣ ಬೇಕು.”

ನಾನು ಎದ್ದು ಓದುವ ಕೋಣೆಗೆ ಹೋದೆ.

ಹಬ್ಬ ಕಳೆದು ಮೂರು ವಾರವಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಪಕ್ಕದ ಮನೆಯ ಅನ್ವರ್ ಭಾಯಿ ಬಂದರು. ನಲವತ್ತು ವರ್ಷ ಮಂಡಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿದವರು, ಈಗ ಅಂಗಡಿಯನ್ನು ಮಗನಿಗೆ ಬಿಟ್ಟು ಆರಾಮಾಗಿದ್ದಾರೆ. “ಮಾಸ್ಟ್ರೆ, ನಮ್ ಮೊಮ್ಮಗಳು ಆಯಿಷಾಗೆ ಕಾಲೇಜಲ್ಲಿ ಟೆಸ್ಟ್ ಇಟ್ಟವ್ರೆ. ಯಾವ್ದೋ ಕಾಯಿ ಸಂಕೇತ ಅಂತೆ. ನಿಮ್ ಗೈಡೇ ಬೇಕಂತೆ” ಎಂದರು.

ಎಷ್ಟೋ ದಿನದ ಮೇಲೆ ನನ್ನ ಮನಸ್ಸು ಅರಳಿತು. ಸ್ಟೂಲು ಹತ್ತಿ ಗೈಡಿನ ಕಟ್ಟನ್ನು ಎಳೆದೆ. ಕಟ್ಟಿನ ಹಿಂದೆಯೇ ಗೋಣಿಚೀಲವೂ ಬಂತು. ಬಾಯಿ ಕಟ್ಟಿರಲಿಲ್ಲ. ಹನ್ನೊಂದು ಕಾಯಿಗಳು ಒಂದಾದ ಮೇಲೊಂದು ನೆಲಕ್ಕೆ ಬಿದ್ದು ಕೋಣೆಯ ಮೂಲೆ ಮೂಲೆಗೆ ಉರುಳಿದವು. ನಾನು ಸ್ಟೂಲಿನ ಮೇಲೆ ಗೈಡು ಹಿಡಿದು ನಿಂತಿದ್ದೆ.

ಅನ್ವರ್ ಭಾಯಿ ಕಾಲ ಬಳಿ ಬಂದ ಕಾಯಿಯನ್ನು ಎತ್ತಿಕೊಂಡರು. ಕಿವಿಯ ಹತ್ತಿರ ಹಿಡಿದು ಕಣ್ಣುಮುಚ್ಚಿ ಅಲ್ಲಾಡಿಸಿದರು. ಒಳ್ಳೆಯ ಹಾಡು ಕೇಳಿದವರ ಹಾಗೆ ಮುಖ ಬೆಳಗಿತು.

“ಏನ್ ಮಾಸ್ಟ್ರೆ, ಇಂಥಾ ಮಾಲನ್ನ ಪುಸ್ತಕದ ಹಿಂದೆ ಬಚ್ಚಿಟ್ಟಿದೀರ?”

“ಅದು… ಒಣಕಾಯಿ ಭಾಯಿ. ನೀರಿಲ್ಲ.”

“ನೀರಿದ್ರೆ ಕೊಬ್ಬರಿ ಎಲ್ಲಾಯ್ತದೆ? ಒಂದ್ ವರ್ಷ ಸಿಪ್ಪೆ ಸಮೇತ ಅಟ್ಟದ ಮ್ಯಾಲೆ ಇಡ್ಬೇಕು. ನೀರೆಲ್ಲಾ ಇಂಗಿ, ಒಳಗಿನ ಕಾಯಿ ಚಿಪ್ಪು ಬಿಟ್ಟು ಉಂಡೆ ಆಗ್ಬೇಕು. ಆವಾಗ್ಲೇ ಹಿಂಗೆ ಲೊಡಲೊಡ ಅನ್ನೋದು. ಮಳೇಗಾಲ್ದಲ್ಲಿ ಒಡೆದು ಕಳ್ಸಿದ್ರೆ ಬೂಷ್ಟು ಬರ್ತದೆ ಅಂತ ಚಿಪ್ಪಲ್ಲೇ ಕಳ್ಸಿರ್ಬೇಕು. ನೀವು ತುಮಕೂರಲ್ಲೇ ಹುಟ್ಟಿದ್ದಲ್ವಾ?”

ನಾನು ತುಮಕೂರಿನಲ್ಲೇ ಹುಟ್ಟಿದ್ದು. ಕೊಬ್ಬರಿ ಎಂದರೆ ಅಂಗಡಿಯ ಮೂಟೆಯಲ್ಲಿ ಕಂದುಬಣ್ಣಕ್ಕೆ ಕೂತಿರುವ ಉಂಡೆ ಎಂದು ಅರವತ್ತಮೂರು ವರ್ಷದಿಂದ ಚೆನ್ನಾಗಿ ಬಲ್ಲೆ. ಅಲ್ಲಿಗೆ ಬರುವ ಮುಂಚೆ ಅದು ಎಲ್ಲಿತ್ತು ಎಂದು ಒಂದು ದಿನವೂ ಕೇಳಿರಲಿಲ್ಲ.

ಭಾಯಿ ಗೈಡು ತೆರೆದು ಓದುತ್ತಿದ್ದರು. “ಈ ಕಥೇಲೂ ಅಣ್ಣ ಅಟ್ಟದಿಂದ್ಲೇ ಇಳ್ಸವ್ನಲ್ಲ ಮಾಸ್ಟ್ರೆ. ಇವ್ನೂ ಕೊಬ್ಬರೀನೇ ಕಳ್ಸಿರೋದು. ಪಾಪ, ಆ ಅತ್ತೆಗೆ ಗೊತ್ತಾಗ್ಲಿಲ್ಲ.”

ಸ್ಟೂಲಿನ ಮೇಲೆ ನಿಂತೇ ಎಲ್ಲವೂ ತಿಳಿಯಿತು. ಲೇಖಕರು ಬರೆದದ್ದು ಬತ್ತಿದ ಪ್ರೀತಿಯ ಕಥೆಯಲ್ಲ. ಒಂದು ವರ್ಷ ಎತ್ತಿಟ್ಟು ಮಾಗಿಸಿದ ಪ್ರೀತಿಯನ್ನು, ಗೊತ್ತಿಲ್ಲದವರು ಬಾವಿಗೆ ಎಸೆದ ಕಥೆ. ಹಿಂದಿನ ಬೆಂಚಿನ ಆ ಹುಡುಗಿ ಅದನ್ನೇ ಹೇಳಲು ಎದ್ದಿದ್ದಳು. ಆ ಕಾದಂಬರಿಯಲ್ಲಿ ನನ್ನ ಪಾತ್ರ ಯಾವುದು ಎಂಬುದೂ ಸ್ಪಷ್ಟವಾಯಿತು. ಅಣ್ಣನಲ್ಲ, ಗಂಡನಲ್ಲ. ನಾನು ಅತ್ತೆ.

ಸದ್ದು ಕೇಳಿ ಸರೋಜ ಅಡುಗೆಮನೆಯಿಂದ ಬಂದಳು. ನೆಲದ ಮೇಲಿನ ಕಾಯಿಗಳನ್ನು ನೋಡಿದಳು. ಒಂದನ್ನು ಎತ್ತಿ ತಿರುಗಿಸಿ ನೋಡಿ, ಸೆರಗಿನಿಂದ ಒರೆಸಿದಳು.

“ಇದು ಬಾವಿ ಪಕ್ಕದ ಮರದ್ದು, ಉದ್ದ ಮೂತಿ ನೋಡಿದ್ರೆ ಗೊತ್ತಾಗುತ್ತೆ. ಅಪ್ಪ ಹಾಕಿದ್ದ ಮರ. ಇದ್ರ ಕಾಯಿ ಅಣ್ಣ ಯಾರ್ಗೂ ಮಾರಲ್ಲ.” ತಲೆಯೆತ್ತಿ ನನ್ನನ್ನು ನೋಡಿದಳು. “ಯಾವಾಗ ಬಂತ್ರೀ?”

“ಹಬ್ಬದ ಹಿಂದಿನ ದಿನ” ಎಂದೆ.

ಅನ್ವರ್ ಭಾಯಿ ಗೈಡನ್ನು ಕಂಕುಳಲ್ಲಿ ಇಟ್ಟುಕೊಂಡು ಸದ್ದಿಲ್ಲದೆ ಹೊರಟುಹೋದರು. ಸರೋಜ ಬೈಯಲಿಲ್ಲ. ಬೈದಿದ್ದರೆ ಸ್ಟೂಲಿನಿಂದ ಇಳಿಯುವುದು ಸುಲಭವಾಗುತ್ತಿತ್ತು. ಹನ್ನೊಂದನ್ನೂ ಒಂದೊಂದಾಗಿ ಆಯ್ದು ಚೀಲಕ್ಕೆ ತುಂಬಿ ಅಡುಗೆಮನೆಯಲ್ಲಿಟ್ಟು, ಸೀರೆ ಬದಲಾಯಿಸಿಕೊಂಡು, “ನಾನು ನಿಟ್ಟೂರಿಗೆ ಹೋಗ್ತಿದೀನಿ. ಬರೋದಾದ್ರೆ ಬನ್ನಿ” ಎಂದಳು.

ರೈಲಿನಲ್ಲಿ ಗುಬ್ಬಿ ದಾಟುವವರೆಗೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಕಾದಂಬರಿ, ಅತ್ತೆ, ನಾಮಕರಣದ ಭಾಷಣ, ಎಲ್ಲವನ್ನೂ. ದೀಪದ ವಿಷಯ ಮಾತ್ರ ಹೇಳಲು ಧೈರ್ಯ ಬರಲಿಲ್ಲ.

ಭಾವ ಜಗುಲಿಯ ಮೇಲೆ ಕೂತಿದ್ದರು. ಬಲಗಾಲಿಗೆ ಮಂಡಿಯವರೆಗೆ ಬ್ಯಾಂಡೇಜು ಹಾಕಿ ಕುರ್ಚಿಯ ಮೇಲೆ ಚಾಚಿಟ್ಟಿದ್ದರು. ಸರೋಜ ಬಾಗಿಲಲ್ಲೇ ನಿಂತುಬಿಟ್ಟಳು.

“ಅಣ್ಣ, ಇದೇನಣ್ಣ ಕಾಲು?”

“ಏನಿಲ್ಲ ಬಾರವ್ವ. ಹಬ್ಬಕ್ ಮುಂಚೆ ಏಣಿ ಜಾರ್ತು. ಅಟ್ಟದಿಂದ ನಿನ್ ಕೊಬ್ಬರಿ ಇಳಿಸ್ತಿದ್ದೆ. ಒಡೆಯೋಕೂ ಕೂರೋಕಾಗ್ಲಿಲ್ಲ, ಹಂಗೇ ಕಳಿಸ್ದೆ. ಹಬ್ಬದ ದಿನ ಯಾಕೆ ಗಾಬರಿ ಅಂತ ರಂಗಂಗೆ ಹೇಳ್ಬ್ಯಾಡ ಅಂದಿದ್ದೆ. ಸೀರೆ ಮಾತ್ರ ನಾನೇ ಬಂದು ಕೊಡ್ಬೇಕು ಅಂತ ಇಟ್ಕೊಂಡಿವ್ನಿ.”

ಸರೋಜ ಅವರ ಕಾಲ ಬಳಿ ಕೂತು ಅತ್ತಳು. ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಅಷ್ಟರಲ್ಲಿ ಭಾವ, “ನೀನು ಫೋನ್ ಮಾಡ್ಲಿಲ್ಲ ಅಂತ ನಂಗೂ ಬೇಜಾರಿತ್ತು ಕಣವ್ವ. ನಾನು ಬರ್ಲಿಲ್ಲ ಅಂತ ಮುನಿಸ್ಕೊಂಡವ್ಳೆ ಅಂದ್ಕೊಂಡೆ. ಆಮ್ಯಾಕೆ ದೀಪ ಬಂತಲ್ಲ, ಸಮಾಧಾನ ಆಯ್ತು” ಎಂದರು.

“ಯಾವ ದೀಪ?” ಸರೋಜ ನನ್ನ ಕಡೆ ತಿರುಗಿದಳು.

ದೇವರ ಕೋಣೆಯಲ್ಲಿ ಅದು ಉರಿಯುತ್ತಿತ್ತು. ಬೇರೆ ದಾರಿಯಿಲ್ಲದೆ ಅದರ ಅರ್ಥವನ್ನೂ ಒಪ್ಪಿಸಿದೆ. ಎಣ್ಣೆಯಿಲ್ಲದ ದೀಪ, ಬತ್ತಿದ ಪ್ರೀತಿ, ಎಲ್ಲ. ಭಾವ ಗಮನವಿಟ್ಟು ಕೇಳಿದರು. ನಲವತ್ತು ನಿಮಿಷ ನನ್ನ ಭಾಷಣ ಕೇಳಿದಾಗಲೂ ಅಷ್ಟು ಗಮನವಿಟ್ಟಿರಲಿಲ್ಲ.

“ಅಲ್ಲ ಮೇಷ್ಟ್ರೇ” ಎಂದರು, “ಅಂಗಡಿಯಿಂದ ತಂದ ದೀಪದಾಗೆ ಎಣ್ಣೆ ಎಲ್ಲಿರ್ತದೆ? ಬತ್ತಿ ಎಣ್ಣೆ ನಾವೇ ಹಾಕ್ಕಂಡ್ವಿ.”

ಅವರಿಗೆ ಕೋಪವಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು. ಭಾವನ ಹೆಂಡತಿ ನನಗೆ ಕಾಫಿ ಕೊಟ್ಟು, ದೀಪ ತುಂಬ ಚೆನ್ನಾಗಿ ಆರಿಸಿದ್ದೀರಿ ಎಂದರು.

ವಾಪಸು ಬರುವಾಗ ಸರೋಜ ಅಣ್ಣ ಕೊಟ್ಟ ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಒಂದೇ ಒಂದು ಮಾತಾಡಿದಳು. “ಮೂರು ವಾರ ನಾನು ಗೇಟು ನೋಡ್ತಿದ್ದೆ. ನೀವು ನನ್ನ ನೋಡ್ತಿದ್ರಿ. ಬಾಯಿಬಿಟ್ಟು ಒಂದ್ಮಾತು ಹೇಳ್ಬಾರ್ದಿತ್ತಾ.” ನಾನು ಅವಳ ಕೈಚೀಲ ಹಿಡಿದುಕೊಳ್ಳುತ್ತೇನೆ ಎಂದೆ. ಅವಳು ಕೊಡಲಿಲ್ಲ.

ಮನೆಗೆ ಬಂದವನೇ ಅನ್ವರ್ ಭಾಯಿಯ ಮನೆಯಿಂದ ಗೈಡು ವಾಪಸು ತಂದು, ಆಯಿಷಾಗೆ ಹೊಸ ಉತ್ತರ ಬರೆದುಕೊಟ್ಟೆ. ಅಟ್ಟ ಅಹಂಕಾರವಲ್ಲ, ತಾಳ್ಮೆ. ಬತ್ತಿದ್ದು ನೀರು, ಪ್ರೀತಿಯಲ್ಲ. ದುರಂತಕ್ಕೆ ಕಾರಣ ಅಣ್ಣನಲ್ಲ, ಕೇಳದೆ ತೀರ್ಮಾನಿಸಿದ ಅತ್ತೆ. ಇಡೀ ಜನ್ಮದಲ್ಲಿ ನಾನು ಬರೆದ ಒಂದೇ ಸರಿಯುತ್ತರ ಅದು. ಹುಡುಗಿ ಅಚ್ಚುಕಟ್ಟಾಗಿ ಟೆಸ್ಟಿನಲ್ಲಿ ಬರೆದಳು.

ಐದಕ್ಕೆ ಒಂದು ಅಂಕ ಬಂತು. ಭಾಯಿ ಪೇಪರು ತಂದು ತೋರಿಸಿದರು. ಅವಳ ಮೇಡಂ ಉತ್ತರವನ್ನು ಉದ್ದಕ್ಕೆ ಹೊಡೆದುಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸರಿಯುತ್ತರ ಬರೆದಿದ್ದರು. ಬತ್ತಿದ ನೀರು ಬತ್ತಿದ ಪ್ರೀತಿಯ ಸಂಕೇತ, ಅಟ್ಟ ಅಹಂಕಾರದ ಸಂಕೇತ. ಅಲ್ಪವಿರಾಮವೂ ಬದಲಾಗದ ನನ್ನದೇ ವಾಕ್ಯ.

ಆಯಿಷಾಗೆ ಏನಾದರೂ ಕೊಡಬೇಕೆನಿಸಿತು. ಉಳಿದಿದ್ದ ಕಾಯಿಗಳಲ್ಲಿ ಒಂದನ್ನು ಆರಿಸಿ, ಮತ್ತೆ ಅನಾಹುತವಾಗದಿರಲೆಂದು ಅದರ ಮೇಲೆ ಒಂದು ಚೀಟಿ ಅಂಟಿಸಿದೆ: ಇದು ಕೊಬ್ಬರಿ, ಬೇರೆ ಅರ್ಥವಿಲ್ಲ. ಸರೋಜ ಓದಿ ನೋಡಿ, ಚೀಟಿಯನ್ನು ಕಿತ್ತುಹಾಕಿದಳು.

“ಬೇರೆ ಅರ್ಥ ಇದೆಯಲ್ಲ. ತಪ್ಪಾಯ್ತು ಅಂತ ತಾನೆ ಕೊಡ್ತಿರೋದು? ಅದನ್ನ ಬಾಯಲ್ಲಿ ಹೇಳಿ ಬನ್ರಿ.”

“ಹೇಳ್ತೀನಿ.”

“ಮೊದ್ಲು ಇಲ್ಲಿ ಹೇಳಿ.”

ಆಗಲೇ ನನಗೆ ಹೊಳೆದದ್ದು, ಅವಳಿಗೆ ನಾನು ಇನ್ನೂ ಆ ಮಾತು ಹೇಳಿಯೇ ಇಲ್ಲ ಎಂದು. ರೈಲಿನಲ್ಲಿ ಎಲ್ಲ ವಿವರಿಸಿದ್ದೆ, ಅದೊಂದನ್ನು ಬಿಟ್ಟು. ಮೂವತ್ತೊಂದು ವರ್ಷ ಗಂಟೆಗಟ್ಟಲೆ ಮಾತಾಡಿದ ಗಂಟಲನ್ನು ಮೂರು ಸಲ ಸರಿಮಾಡಿಕೊಳ್ಳಬೇಕಾಯಿತು.

“ತಪ್ಪಾಯ್ತು ಸರೋಜ” ಎಂದೆ.

ಇದರ ಹಿಂದೆ ವಿವರಣೆ ಬರುತ್ತದೆಂದು ಅವಳು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಒಳಗೆ ಹೋಗಿ ಇನ್ನೊಂದು ಕಾಯಿ ತಂದು ನನ್ನ ಚೀಲಕ್ಕೆ ಹಾಕಿದಳು. ಆ ಎರಡನೆಯ ಕಾಯಿಯನ್ನು ನೋಡುತ್ತ ನಿಂತೆ. ಇದು ಕ್ಷಮೆಯೋ, ಹೊಸ ಆರಂಭವೋ, ದಾಂಪತ್ಯದ ಎರಡು ಕಣ್ಣೋ ಎಂದು ಹಳೆಯ ಚಾಳಿ ತಲೆಯೆತ್ತಿತು. ಆದರೂ ಈ ಸಲ ಬಾಯಿಬಿಟ್ಟು ಕೇಳಿದೆ.

“ಎರಡನೇದು ಯಾಕೆ?”

“ಅವ್ರ ಮನೇಲಿ ಜನ ಜಾಸ್ತಿ” ಎಂದಳು.